ಆಳ ಮಾಡಬಾರದ ಬಾವಿ

ಜನವರಿ ೯, ೨೦೦೬, ಸೋಮವಾರ

ಹವೆ: ಬಿಸಿಲು. ಗಾಳಿ: ಉಂಟು. ಬಾವಿ: ಇದ್ದಲ್ಲೇ ಉಂಟು.

ಚಾಪೆ ಮಡಚುವಾಗ ಮೋಕ್ಷಾಳ ಈ ಪುಸ್ತಕ ಸಿಕ್ಕಿತು. ರಟ್ಟಿನ ಮೇಲೆ ‘ಹವಾಮಾನ ದಿನಚರಿ, ಆರನೇ ತರಗತಿ, ಮಟ್ಟು’ ಎಂದು ಬರೆದು ಸುತ್ತ ಹೂ ಬಿಡಿಸಿದ್ದಾಳೆ. ಒಳಗೆ ಮೂರು ದಿನದ್ದು ಮಾತ್ರ ಉಂಟು, ಆಮೇಲೆ ಹಾಳೆಗಳೆಲ್ಲ ಬೋಳು. ದಿನವೂ ಆಕಾಶ, ಗಾಳಿ, ಬಾವಿಯ ನೀರು ನೋಡಿ ಬರೆಯಬೇಕೆಂದು ಹೊಸ ಟೀಚರ ಅಪ್ಪಣೆಯಂತೆ. ಹೂ ಬಿಡಿಸುವುದರಲ್ಲೇ ನನ್ನ ಮೊಮ್ಮಗಳ ವಿಜ್ಞಾನ ಮುಗಿದಿದೆ. ಇಷ್ಟು ಬಿಳಿ ಕಾಗದವನ್ನು ಇಲಿ ತಿನ್ನಲು ಬಿಡುವವಳು ನಾನಲ್ಲ. ನಾಲ್ಕನೇ ಕ್ಲಾಸಿನವರೆಗೆ ಹೋದವಳಿಗೆ ಆಕಾಶ ನೋಡಿ ಬರೆಯಲು ಬಾರದೇ? ಯಾರೂ ಓದಬೇಕಾಗಿಲ್ಲ. ನನಗೆ ನಾನೇ ಸಾಕು.

ನಾನು ಅದೇ ಶಾಲೆಯಲ್ಲಿ ಬಿಸಿಯೂಟ ಬೇಯಿಸುವವಳು. ಅಡುಗೆಕೋಣೆಗೂ ಆರನೇ ತರಗತಿಗೂ ನಡುವೆ ಒಂದು ಕಿಟಕಿ, ಅದಕ್ಕೆ ಬಾಗಿಲಿಲ್ಲ. ನನಗೆ ಬೇಕೋ ಬೇಡವೋ, ಪಾಠವೆಲ್ಲ ಸಾಂಬಾರಿನ ಜೊತೆಗೇ ಕುದಿಯುತ್ತದೆ. ಇವತ್ತಿನ ಪಾಠ ನೈಸರ್ಗಿಕ ಸಂಪನ್ಮೂಲ. ಮಣ್ಣು ಸಂಪನ್ಮೂಲವಂತೆ, ಕಲ್ಲು ಸಂಪನ್ಮೂಲವಂತೆ, ಬಾವಿಯ ನೀರೂ ಸಂಪನ್ಮೂಲವಂತೆ. ಕಾಲಿಗೆ ತಾಗಿದ್ದಕ್ಕೆಲ್ಲ ಹೆಸರಿಡಲು ಘಟ್ಟದ ಮೇಲಿನ ಕುಷ್ಟಗಿಯಿಂದ ಒಬ್ಬಳು ಬರಬೇಕಾಯಿತು. ಅಶ್ವಿನಿ ಎಂದು ಹೆಸರು. ಬಂದು ಆರು ತಿಂಗಳಾಗಲಿಲ್ಲ, ಊಟಕ್ಕೆ ಕೂತು ಪಲ್ಯದ ತೆಂಗಿನತುರಿಯನ್ನು ಬೆರಳಲ್ಲಿ ಬದಿಗೆ ಸರಿಸುತ್ತಾಳೆ.

“ಎಲ್ಲಾದಕ್ಕೂ ಕಾಯಿ ಹಾಕ್ತೀರಲ್ರೀ ಅಜ್ಜಿ” ಎಂದಳು.

“ನಿಮ್ಮಲ್ಲಿ ಮರ ಇಲ್ಲ, ಹಾಕುವುದಿಲ್ಲ. ನಮ್ಮಲ್ಲಿ ಉಂಟು” ಎಂದೆ.

ಮಕ್ಕಳು ನಕ್ಕರು. ಅವಳೂ ನಕ್ಕಳು. ಅದು ನನಗೆ ಹಿಡಿಸಲಿಲ್ಲ.

ಜನವರಿ ೧೩, ಶುಕ್ರವಾರ

ಹವೆ: ಬೆಳಿಗ್ಗೆ ಇಬ್ಬನಿ, ಆಮೇಲೆ ಬಿಸಿಲು. ಗಾಳಿ: ಬೆಳಿಗ್ಗೆ ಮೂಡುಗಾಳಿ, ಹೊತ್ತು ಏರಿದ ಮೇಲೆ ಪಡುಗಾಳಿ.

ಮನೆಯಿಂದ ಒಂದೊಂದು ಕಲ್ಲು ತನ್ನಿ ಎಂದು ಆ ಟೀಚರು ಮಕ್ಕಳಿಗೆ ಹೇಳಿದ್ದಳು. ನನ್ನ ಮೊಮ್ಮಗಳು ದಾರಿಯಲ್ಲಿ ಬಿದ್ದ ಕಲ್ಲು ತಂದಳೇ? ಇಲ್ಲ. ನನ್ನ ಕಡೆಯುವ ಕಲ್ಲಿನ ಗುಂಡನ್ನೇ ಚೀಲದಲ್ಲಿ ಹೊತ್ತು ತಂದಿದ್ದಾಳೆ. ಕಿಟಕಿಯಿಂದ ಅದನ್ನು ಕಂಡವಳೇ ಸೌಟು ಹಿಡಿದುಕೊಂಡು ಕ್ಲಾಸಿಗೆ ನುಗ್ಗಿದೆ.

ಟೀಚರು ಹೆದರಲಿಲ್ಲ. ಇದು ಎಲ್ಲಿಯ ಕಲ್ಲು ಎಂದು ಕೇಳಿದಳು. ಕಾರ್ಕಳದ್ದು, ನನ್ನ ಮದುವೆಗೆ ಅಪ್ಪ ಎತ್ತಿನ ಗಾಡಿಯಲ್ಲಿ ಕಳಿಸಿದ್ದು ಎಂದೆ. ಅವಳು ಅದನ್ನು ಬಿಸಿಲಿಗೆ ಹಿಡಿದು ತಿರುಗಿಸಿದಳು. ಈ ಕಲ್ಲು ಒಂದು ಕಾಲದಲ್ಲಿ ಭೂಮಿಯ ಒಳಗೆ ಗಂಜಿಯ ಹಾಗೆ ಕುದಿಯುತ್ತಿತ್ತು, ಲಕ್ಷಗಟ್ಟಲೆ ವರ್ಷ ಹಿಡಿದು ನಿಧಾನವಾಗಿ ತಣಿಯಿತು, ತಣಿಯುವಾಗ ಕಲ್ಲುಸಕ್ಕರೆಯ ಹಾಗೆ ಹರಳು ಕಟ್ಟಿತು ಎಂದಳು. ಕುದಿಯುವ ಕಲ್ಲಿಗೆ ಉಪ್ಪು ಎಷ್ಟು ಹಾಕಿದ್ದರು ಎಂದು ಕೇಳಬೇಕೆಂದಿದ್ದೆ, ಕೇಳಲಿಲ್ಲ. ಗುಂಡು ತೆಗೆದುಕೊಂಡು ಬಂದೆ.

ಸಂಜೆ ಮನೆಯಲ್ಲಿ ಅದನ್ನು ತೊಳೆದು ಒರೆಸಿ ನೋಡಿದೆ. ಬಿಳಿ ಉಂಟು, ಕಪ್ಪು ಉಂಟು, ಒಂದು ಬದಿಯಲ್ಲಿ ಸೀಗಡಿಯ ಬಣ್ಣದ ಚುಕ್ಕೆಯೂ ಉಂಟು. ಓರೆ ಮಾಡಿದರೆ ಅಭ್ರಕ ಮಿಂಚುತ್ತದೆ. ಮದುವೆಯಾದಂದಿನಿಂದ ಇದರಲ್ಲಿ ಮಸಾಲೆ ಕಡೆಯುತ್ತಿದ್ದೇನೆ. ಒಮ್ಮೆಯೂ ಇದರ ಮುಖ ನೋಡಿರಲಿಲ್ಲ.

ಮತ್ತೊಂದು ಉಂಟು. ನಮ್ಮ ಅಂಗಳದ ಮರಳು ಅಂದರೆ ಮೂಡಲಿನ ಬೆಟ್ಟಗಳೇ ಅಂತೆ. ಮಳೆಗೆ ಸವೆದು, ಹೊಳೆಯಲ್ಲಿ ಉರುಳಿ, ಕಡಲಿಗೆ ಹೋಗಿ, ಕಡಲು ಬೇಡವೆಂದು ಇಲ್ಲಿ ಬಿಸಾಡಿದ್ದು. ಹಾಗಾದರೆ ಆ ಕಡೆಯಿಂದ ಮಟ್ಟುವಿಗೆ ಬಂದವಳು ನಾನೊಬ್ಬಳೇ ಅಲ್ಲ. ಸೊಸೆ ಬೇಬಿಗೆ ಇದನ್ನು ಹೇಳಲು ಹೋದೆ. “ಅತ್ತೆ, ಮೀನು ಕರಟುತ್ತದೆ” ಎಂದಳು. ಅವಳಿಗೆ ಬೇರೆ ಎಂತ ಗೊತ್ತು.

ಜನವರಿ ೨೦, ಶುಕ್ರವಾರ

ಹವೆ: ಬರೆಯುವ ಮನಸ್ಸಿಲ್ಲ. ಬಾವಿ: ಬೆಳಿಗ್ಗೆಯೇ ತಳ ಕಂಡಿತು.

ಹೆಡ್‌ಮಾಸ್ಟ್ರು ಪಾಸ್ಕಲ್ ಬಾಗಿಲಲ್ಲಿ ನಿಂತು ಕೆಮ್ಮಿದರು. ಅವರು ಕೆಮ್ಮಿದರೆ ಒಳ್ಳೆಯ ಸುದ್ದಿ ಬರುವುದಿಲ್ಲ. ಬೊಂಬಾಯಿಯಲ್ಲಿ ಹೋಟೆಲು ಇಟ್ಟಿರುವ ಹಳೆಯ ವಿದ್ಯಾರ್ಥಿಯೊಬ್ಬರು ದೀಪಾವಳಿಗೆ ಬಂದಾಗ ಶಾಲೆಯ ಬಾವಿಗೆ ಮೋಟಾರು ಕೊಟ್ಟರಲ್ಲ, ಅಂದಿನಿಂದ ಬಾವಿಗೆ ದಮ್ಮು ಹತ್ತಿದ ಹಾಗೆ ಆಗಿದೆ. ಸ್ವಲ್ಪ ಹೊತ್ತು ನೀರು ಎಳೆಯುತ್ತದೆ, ಆಮೇಲೆ ಬರೇ ಗಾಳಿ. ಅಕ್ಕಿ ತೊಳೆಯಲೂ ಕಾಯಬೇಕು. ತಾಲೂಕಿನ ಆಫೀಸರ ಕಿವಿಗೆ ಇದು ಬಿದ್ದಿದೆ. ನೀರಿಲ್ಲದ ಶಾಲೆಯಲ್ಲಿ ಒಲೆ ಹಚ್ಚುವ ಹಾಗಿಲ್ಲವಂತೆ. ಸರಿಯಾಗದಿದ್ದರೆ ಕಾಪುವಿನ ದೊಡ್ಡ ಶಾಲೆಯಲ್ಲಿ ಬೇಯಿಸಿ, ಡಬ್ಬಿಯಲ್ಲಿ ತುಂಬಿ, ವ್ಯಾನಿನಲ್ಲಿ ಕಳಿಸುತ್ತಾರಂತೆ.

“ಅಷ್ಟು ದೂರದಿಂದ ಬಂದ ಅನ್ನವನ್ನು ಮಕ್ಕಳು ತಿನ್ನುವುದೋ, ಗೋಡೆಗೆ ಬಳಿಯುವುದೋ?” ಎಂದು ಕೇಳಿದೆ.

“ನನ್ನ ಕೈಯಲ್ಲಿ ಇಲ್ಲ ರಾಜೀವಿಯಕ್ಕ” ಎಂದರು.

ಅವರ ಕೈಯಲ್ಲಿ ಯಾವಾಗಲೂ ಏನೂ ಇರುವುದಿಲ್ಲ. ಆದರೆ ಒಳ್ಳೆಯ ಮನುಷ್ಯ.

ನನ್ನ ಒಲೆ ಹೋದರೆ ನಾನು ಎಲ್ಲಿಗೆ ಹೋಗಬೇಕು? ಮನೆಯಲ್ಲಿ ಬೇಬಿಯ ಅಡುಗೆ, ಬೇಬಿಯ ಡಬ್ಬಿಗಳು. ಅಲ್ಲಿ ಉಪ್ಪಿನ ಭರಣಿ ಎಲ್ಲಿ ಇಡಬೇಕೆಂದು ಹೇಳುವ ಹಕ್ಕೂ ನನಗಿಲ್ಲ. ಇಲ್ಲಿ ಗಂಟೆ ಹೊಡೆದ ಕೂಡಲೇ ಅಷ್ಟು ಮಕ್ಕಳು ನನ್ನ ಕಡೆಗೆ ಓಡಿ ಬರುತ್ತಾರೆ. ಈ ವಯಸ್ಸಿನಲ್ಲಿ ನನ್ನ ಕಡೆಗೆ ಬೇರೆ ಯಾರು ಓಡಿ ಬರುತ್ತಾರೆ?

ಜನವರಿ ೨೨, ಭಾನುವಾರ

ಉಪಾಯ ಸಿಕ್ಕಿತು. ಬಾವಿ ಆಳ ಮಾಡುವುದು. ಕಾರ್ಕಳದಲ್ಲಿ ನನ್ನ ಅಪ್ಪ ಮಾಡಿಸಿದ್ದು ಅದೇ. ನೀರು ಇಳಿದರೆ ಕೆಳಗೆ ಹೋಗು, ಬಂಡೆ ಒಡೆ, ಒರತೆ ಹಿಡಿ. ಹೇಳಿದ ಕೂಡಲೇ ಆ ಟೀಚರ ಕಣ್ಣು ಅರಳಿತು. ಅವರ ಊರಲ್ಲಿಯೂ ಅದೇ ಅಂತೆ, ಕೆಳಗೆ ಹೋದಷ್ಟೂ ನೀರು. ಮೊದಲ ಸಲ ನಮ್ಮಿಬ್ಬರ ಮಾತು ಒಂದಾಯಿತು. ಅವಳೇ ಕಾಪುವಿನಿಂದ ಬಾವಿ ತೋಡುವ ಕಲ್ಲಯ್ಯನನ್ನು ಕರೆತಂದಳು. ಅವನೂ ಅವಳ ಕಡೆಯವನೇ. ಬಗ್ಗಿ ನೋಡಿ, “ಇದು ಬಾವಿ ಅಲ್ಲ ಬಿಡ್ರಿ, ಕೊಡ. ನಮ್ಮೂರಾಗ ಇಷ್ಟು ಆಳದಾಗ ಬದನಿಗಿಡ ನೆಡ್ತೀವಿ” ಎಂದ. ಮೂರು ಸಿಮೆಂಟು ರಿಂಗು ಆಳ ಇಳಿಸಿದರೆ ಮೋಟಾರಿಗೆ ಯುಗಾದಿಯವರೆಗೆ ಚಿಂತೆಯಿಲ್ಲ ಎಂದು ಲೆಕ್ಕ ಹೇಳಿದ.

ರಾತ್ರಿ ಊಟಕ್ಕೆ ಕೂತಾಗ ಮಗ ಉಮಾನಾಥನಿಗೆ ಹೇಳಿದೆ. ಮಠದ ಪರ್ಯಾಯಕ್ಕೆ ನಮ್ಮೂರಿನ ಗುಳ್ಳ ಬದನೆ ಹೊತ್ತು ಹೋಗಿ ಬಂದ ಸೊಂಟನೋವು ಅವನಿಗೆ ಇನ್ನೂ ಇಳಿದಿಲ್ಲ. ತಲೆ ಎತ್ತದೆ ಹೇಳಿದ:

“ಅಮ್ಮ, ಇಲ್ಲಿ ಬಾವಿ ಆಳ ಮಾಡುವ ಕ್ರಮ ಇಲ್ಲ.”

“ಯಾಕೆ ಇಲ್ಲ?”

“ಇಲ್ಲ. ಅಜ್ಜನ ಕಾಲದಿಂದಲೂ ಇಲ್ಲ.”

“ಯಾಕೆ ಎಂದು ಕೇಳಿದೆ.”

ಅವನು ಅನ್ನ ಕಲಸಿದ. ಗುಳ್ಳದ ಗದ್ದೆಯಲ್ಲಿ ಹುಟ್ಟಿ ಬೆಳೆದವನಿಗೆ ತನ್ನ ಊರಿನ ಕ್ರಮ ಯಾಕೆಂದು ಗೊತ್ತಿಲ್ಲ. ಕ್ರಮ ಇಲ್ಲ ಎಂದರೆ ಸೋಮಾರಿಗಳಿಗೆ ಕೆಲಸ ತಪ್ಪಿತು ಎಂದು ಅರ್ಥ.

ಜನವರಿ ೩೦, ಸೋಮವಾರ

ಹವೆ: ಬಿಸಿಲು, ಆದರೆ ಚಂದದ ಬಿಸಿಲು. ಬಾವಿ: ತುಂಬ ನೀರು.

ಎರಡು ದಿನದಲ್ಲಿ ಕಲ್ಲಯ್ಯ ಮೂರು ರಿಂಗು ಇಳಿಸಿಬಿಟ್ಟ. ತೆಗೆದ ಮರಳು ಬೇಲಿಯ ಹತ್ತಿರ ಗುಡ್ಡವಾಗಿದೆ, ಮಕ್ಕಳು ಅದರ ಮೇಲಿಂದ ಜಾರುತ್ತಾರೆ. ಮೋಟಾರು ಹಾಕಿದರೆ ಟಾಂಕಿ ತುಂಬಿ ಹೊರಗೆ ಚೆಲ್ಲಿತು. ಪಾಸ್ಕಲ್ ಮಾಸ್ಟ್ರು ಕೆಮ್ಮಲೇ ಇಲ್ಲ. ಆ ಟೀಚರು ಎಲ್ಲರ ಎದುರು ನನ್ನ ಕೈ ಹಿಡಿದು ಕುಲುಕಿದಳು. ಕೈ ಹಿಟ್ಟಾಗಿತ್ತು, ಅವಳ ಚೂಡಿದಾರಕ್ಕೆ ಹತ್ತಿತು, ಒರೆಸಿಕೊಳ್ಳಲೂ ಇಲ್ಲ.

ಉಮಾನಾಥನನ್ನು ಕೇಳಿದೆ, ಈಗ ಹೇಳು, ಕ್ರಮ ಉಂಟೋ ಇಲ್ಲವೋ? ಅವನು ಹೊರಗೆ ಹೋದ.

ಫೆಬ್ರವರಿ ೮, ಬುಧವಾರ

ಸಾಂಬಾರಿಗೆ ಉಪ್ಪು ಜಾಸ್ತಿ ಎಂದು ಮಕ್ಕಳು ಹೇಳಿದರು. ನನ್ನ ಕೈ ತಪ್ಪುವುದಿಲ್ಲ. ನಾಲಿಗೆ ತಪ್ಪಿರಬೇಕು, ಅವರದ್ದು.

ಫೆಬ್ರವರಿ ೧೦, ಶುಕ್ರವಾರ

ಹವೆ: ಸೆಕೆ. ಬಾವಿ: ಉಪ್ಪು.

ಉಪ್ಪು ಹಾಕದೆಯೇ ಸಾಂಬಾರು ಮಾಡಿದೆ. ಆದರೂ ಉಪ್ಪು. ಬೇಳೆ ಎಷ್ಟು ಹೊತ್ತು ಕುದಿದರೂ ಕಲ್ಲಿನ ಹಾಗೆ ಕೂತಿದೆ. ಒಂದನೇ ಕ್ಲಾಸಿನ ಪುಟ್ಟಿಯೊಬ್ಬಳು ತುತ್ತು ಬಾಯಿಗಿಟ್ಟು, ಉಗುಳಲು ಹೆದರಿ, ನನ್ನ ಮುಖ ನೋಡಿದಳು. ಆ ನೋಟ ಕಣ್ಣಿನಿಂದ ಹೋಗುವುದಿಲ್ಲ.

ತಪ್ಪು ಯಾರದ್ದು? ಆ ಕಲ್ಲಯ್ಯನದ್ದು, ಬದನೆಗಿಡ ನೆಡುವ ಮಾತಾಡಿದವನು. ಆ ಟೀಚರದ್ದು, ಕಣ್ಣು ಅರಳಿಸಿದವಳು. ಬೊಂಬಾಯಿಯ ದಾನಿಯದ್ದು, ಕೊಡುವುದಾದರೆ ದೊಡ್ಡ ಕುಕ್ಕರು ಕೊಡಬಹುದಿತ್ತು. ಉಮಾನಾಥನದ್ದು, ಅವನು ಇನ್ನೂ ಗಟ್ಟಿಯಾಗಿ ಹೇಳಬೇಕಿತ್ತು.

ಊಟದ ನಂತರ ಟೀಚರು ಅಡುಗೆಕೋಣೆಯ ಮೂಲೆಯಲ್ಲಿ ಅಕ್ಕಿ ಚೀಲದ ಮೇಲೆ ಕೂತು ಅತ್ತಳು. ಬೆಳಿಗ್ಗೆಯಿಂದ ಏನೂ ತಿಂದಿರಲಿಲ್ಲವಂತೆ. ಹೊಟ್ಟೆ ಖಾಲಿ ಇದ್ದರೆ ಅಳು ಬೇಗ ಮುಗಿಯುವುದಿಲ್ಲ, ನನಗೆ ಪಾತ್ರೆ ತೊಳೆಯಲು ತಡವಾಗುತ್ತದೆ. ಎರಡು ಮೆಣಸು ಹುರಿದು, ಬೆಳ್ಳುಳ್ಳಿ ಗುದ್ದಿ ಅನ್ನಕ್ಕೆ ಕಲಸಿ ಕೊಟ್ಟೆ. ಕಾಯಿ ಹಾಕಲಿಲ್ಲ. ತುರಿಯಲು ಪುರುಸೊತ್ತು ಎಲ್ಲಿತ್ತು.

ಫೆಬ್ರವರಿ ೧೪, ಮಂಗಳವಾರ

ಆಫೀಸರು ಬಂದರು, ಒಂದು ಗುಟುಕು ಕುಡಿದರು, ಮುಖ ಕಿವುಚಿದರು. ಮಾರ್ಚ್ ಕೊನೆಯವರೆಗೆ ಸಮಯ. ಅಷ್ಟರಲ್ಲಿ ಈ ಬಾವಿಯ ನೀರು ಕುಡಿಯುವ ಹಾಗೆ ಆಗದಿದ್ದರೆ ಜೂನಿನಿಂದ ಊಟ ಕಾಪುವಿನಿಂದ ಬರುತ್ತದೆ, ಇಲ್ಲಿಯ ಒಲೆ ಬಂದ್. ಈಗ ದಿನಾ ಬೆಳಿಗ್ಗೆ ನಾನೂ ಬೇಬಿಯೂ ನಮ್ಮ ಮನೆಯ ಬಾವಿಯಿಂದ ಕೊಡಪಾನದಲ್ಲಿ ನೀರು ಹೊತ್ತು ತರುತ್ತೇವೆ. ಬೇಬಿ ಒಂದು ಮಾತೂ ಆಡುವುದಿಲ್ಲ. ಆಡಿದರೆ ಜಗಳವಾದರೂ ಆಡಬಹುದಿತ್ತು.

ಫೆಬ್ರವರಿ ೧೬, ಗುರುವಾರ

ಹವೆ: ತಿಳಿ ಆಕಾಶ. ಗಾಳಿ: ಮಧ್ಯಾಹ್ನದವರೆಗೆ ಇಲ್ಲ, ಆಮೇಲೆ ಪಡುಗಾಳಿ ಜೋರು. ಬಾವಿ: ಉಪ್ಪು. ಆದರೆ ಯಾಕೆ ಎಂದು ಗೊತ್ತಾಯಿತು, ಗೊತ್ತಾಯಿತು.

ಕ್ರಮವಾಗಿ ಬರೆಯುತ್ತೇನೆ.

ಇವತ್ತು ಸಮುದ್ರದ ಪಾಠ. ಅಶ್ವಿನಿ ಟೀಚರು ನನ್ನ ಹತ್ತಿರ ಒಂದು ಗಾಜಿನ ಬಾಟಲಿ, ಉಪ್ಪು, ಪುನರ್ಪುಳಿಯ ರಸ ಕೇಳಿದಳು. ಶರಬತ್ತಿಗೆ ಉಪ್ಪು ಯಾಕೆ ಎಂದು ಬೈದುಕೊಂಡೇ ಕೊಟ್ಟೆ. ಅವಳು ಅರ್ಧ ಬಾಟಲಿ ನೀರಿಗೆ ಉಪ್ಪು ಕದಡಿ ಪುನರ್ಪುಳಿ ಹಾಕಿದಳು. ಕೆಂಪಾಯಿತು. ಇದು ಕಡಲು ಎಂದಳು. ಅದರ ಮೇಲೆ ಚಮಚದ ಬೆನ್ನಿನ ಮೇಲಿನಿಂದ ಮೆಲ್ಲ ಮೆಲ್ಲನೆ ಒಳ್ಳೆಯ ನೀರು ಬಿಟ್ಟಳು. ಇದು ಮಳೆ. ಕಲಸಿ ಹೋಗುತ್ತದೆ ಎಂದುಕೊಂಡೆ. ಹೋಗಲಿಲ್ಲ. ಕೆಳಗೆ ಕೆಂಪು, ಮೇಲೆ ತಿಳಿ, ನಡುವೆ ಗೆರೆ ಎಳೆದ ಹಾಗೆ. ಉಪ್ಪು ನೀರಿಗೆ ಭಾರ ಜಾಸ್ತಿ, ಅದಕ್ಕೆ ಸಾಂದ್ರತೆ ಎನ್ನುತ್ತಾರೆ, ಭಾರದ್ದು ಕೆಳಗೆ ನಿಲ್ಲುತ್ತದೆ, ಸಿಹಿನೀರು ಅದರ ಮೇಲೆ ತೇಲುತ್ತದೆ. ನನಗೆ ಒಲೆ ಮರೆತೇ ಹೋಯಿತು. ಕಿಟಕಿಗೆ ಆತುಕೊಂಡು ನಿಂತೆ.

ಮೋಕ್ಷಾಳನ್ನು ಕರೆದು ಕೊಳವೆಯಲ್ಲಿ ಮೇಲಿನಿಂದ ಮೆಲ್ಲಗೆ ಹೀರು ಎಂದಳು. ಹೀರಿದಳು. ತಿಳಿನೀರು. ಆಮೇಲೆ ನನ್ನ ಮೊಮ್ಮಗಳು, ಹೇಳಿದಷ್ಟು ಮಾಡುವವಳಲ್ಲವಲ್ಲ, ಕೊಳವೆಯನ್ನು ತಳಕ್ಕೆ ಒತ್ತಿ ಹೀರಿಬಿಟ್ಟಳು. ಅವಳ ಮುಖ ಆಫೀಸರ ಮುಖದ ಹಾಗೆ ಕಿವುಚಿತು.

ಟೀಚರು ಹೇಳುತ್ತಿದ್ದ ಮಾತು ಅರ್ಧಕ್ಕೇ ನಿಂತಿತು. ಕಿಟಕಿಯ ಕಡೆಗೆ ತಿರುಗಿ ನನ್ನನ್ನು ನೋಡಿದಳು. ನಾನು ಅವಳನ್ನು ನೋಡಿದೆ. ಇಬ್ಬರೂ ಒಟ್ಟಿಗೆ ಬಾವಿಯ ಕಡೆಗೆ ನೋಡಿದೆವು.

“ಅಜ್ಜಿ, ಮೂರು ರಿಂಗು” ಎಂದಳು.

“ಆ ಮೋಟಾರನ್ನೂ ನೋಡು. ಇನ್ನೆರಡು ಮಕ್ಕಳನ್ನು ಕರೆ, ಮೂವರೂ ಗೆರೆಯ ಮೇಲೆ ಕೊಳವೆ ಇಟ್ಟು ಜೋರಾಗಿ ಹೀರಲಿ” ಎಂದೆ.

ಹೀರಿದರು. ಕೊಳವೆಯ ಕೆಳಗೆ ಕೆಂಪು ನೀರು ಗುಳ್ಳೆಯ ಹಾಗೆ ಉಬ್ಬಿ ಮೇಲೆ ಬಂತು. ನಾವು ನೋಡುತ್ತಿದ್ದ ಹಾಗೆಯೇ ಬಂತು. ನಮ್ಮ ಬಾವಿಯೇ ಆ ಬಾಟಲಿಯಲ್ಲಿ ಇದ್ದ ಹಾಗೆ ಕಂಡಿತು. ನಮ್ಮ ಮರಳಿನ ಅಡಿಯಲ್ಲೆಲ್ಲ ಕಡಲು ಉಂಟು. ಅದರ ಮೇಲೆ ಮಳೆಗಾಲದ ನೀರು ದೋಸೆಯ ಹಾಗೆ ತೆಳ್ಳಗೆ ಹರಡಿ ತೇಲುತ್ತಿದೆ. ನಾವು ಆ ದೋಸೆಗೆ ತೂತು ಮಾಡಿದೆವು. ಕಾರ್ಕಳದಲ್ಲಿ ಕೆಳಗೆ ಬಂಡೆ, ಕುಷ್ಟಗಿಯಲ್ಲಿ ಕೆಳಗೆ ಬಂಡೆ. ಇಲ್ಲಿ ಕೆಳಗೆ ಕಡಲು. ಊರು ಬೇರೆಯಾದರೆ ನೆಲದ ಒಳಗೂ ಬೇರೆ ಎಂದು ನನಗೆ, ಅಶ್ವಿನಿಗೆ, ಕಲ್ಲಯ್ಯನಿಗೆ, ಮೂವರಿಗೂ ಹೊಳೆಯಲಿಲ್ಲವಲ್ಲ.

ಅನ್ನ ತಳ ಹಿಡಿದಿತ್ತು. ಮಕ್ಕಳು ಹಾಗೆಯೇ ತಿಂದರು, ಅವರಿಗೂ ಬಾಟಲಿಯದ್ದೇ ಗುಂಗು.

ಫೆಬ್ರವರಿ ೧೯, ಭಾನುವಾರ

ಹವೆ: ಬಿಸಿಲು. ಕೆಲಸ ಮಾಡುವವರಿಗೆ ಗಾಳಿ ಇದ್ದದ್ದು ಪುಣ್ಯ.

ಬಾವಿ ತುಂಬಿಸಿದೆವು. ಬೇಲಿಯ ಹತ್ತಿರದ ಮರಳನ್ನೇ ತೊಳೆದು, ಮೂರು ರಿಂಗಿನಷ್ಟು, ಅದರ ಮೇಲೆ ಮತ್ತೂ ಸ್ವಲ್ಪ. ಕಲ್ಲಯ್ಯನಿಗೆ ಅಶ್ವಿನಿ ಬಾಟಲಿ ತೋರಿಸಿದರೂ ಅವನು ಅರ್ಧ ನಂಬಿದ, ಅರ್ಧ ನಂಬಲಿಲ್ಲ. “ತೋಡಿ ನೀರು ತಗಸಿದ್ದು ಗೊತ್ತೈತಿ. ಮುಚ್ಚಿ ನೀರು ತಗಸೋದು ಇದಾ ಮೊದಲು, ಯವ್ವಾ” ಎಂದ. ಆದರೂ ಸಂಜೆಯವರೆಗೆ ಬುಟ್ಟಿ ಹಾಕಿದ. ಮಕ್ಕಳು ಸಾಲು ನಿಂತು ಕೈಯಿಂದ ಕೈಗೆ ದಾಟಿಸಿದರು, ಬೇಬಿಯೂ ನಿಂತಳು. ಅವಳು ಸೀರೆ ಎತ್ತಿ ಕಟ್ಟಿದರೆ ಗಂಡಸರಿಗಿಂತ ಬಲ.

ಮೋಟಾರು ತೆಗೆಯಬೇಕು ಎಂದಾಗ ಪಾಸ್ಕಲ್ ಮಾಸ್ಟ್ರಿಗೆ ಕೆಮ್ಮು ಬಂತು. ದಾನಿಗಳಿಗೆ ಏನು ಹೇಳುವುದು, ಅದರ ಮೇಲೆ ಅವರ ಹೆಸರಿನ ಹಲಗೆ ಉಂಟು. ನಾನು ಹೇಳಿದೆ, ಮೋಟಾರಿಗೆ ಹೂಮಾಲೆ ಹಾಕಿ ಅಲ್ಲೇ ಇಡಿ ಮಾಸ್ಟ್ರೇ, ಸ್ವಿಚ್ಚು ಮಾತ್ರ ಮುಟ್ಟಬೇಡಿ. ರಾಟೆ ಕಟ್ಟಿ ಕೈಯಲ್ಲಿ ಸೇದುವುದು, ಚಿಕ್ಕ ಕೊಡಪಾನದಲ್ಲಿ, ಬಿಟ್ಟು ಬಿಟ್ಟು. ಮೇಲಿನ ನೀರು ಮಾತ್ರ.

ಇನ್ನು ಕಾಯುವುದು. ಬದಿಯಿಂದ ಸಿಹಿನೀರು ನಿಧಾನಕ್ಕೆ ಬಂದು ಉಪ್ಪನ್ನು ಕೆಳಗೆ ಒತ್ತಬೇಕು. ಒತ್ತುತ್ತದೋ ಇಲ್ಲವೋ ಅಶ್ವಿನಿಗೂ ಖಂಡಿತ ಗೊತ್ತಿಲ್ಲ. ಗೊತ್ತಿಲ್ಲ ಎಂದು ಹೇಳಿದಳು. ಹಾಗೆ ಹೇಳುವ ಟೀಚರನ್ನು ನಾನು ನೋಡಿರಲಿಲ್ಲ.

ಫೆಬ್ರವರಿ ೨೭, ಸೋಮವಾರ

ಹವೆ: ಬಿಸಿಲು. ಗಾಳಿ: ಪಡುಗಾಳಿ. ಬಾವಿ: ಉಪ್ಪು.

ನಾನೊಂದು ಅಳತೆ ಮಾಡಿಕೊಂಡಿದ್ದೇನೆ. ದಿನಾ ಚಿಕ್ಕ ಪಾತ್ರೆಯಲ್ಲಿ ಶಾಲೆಯ ಬಾವಿಯ ನೀರಲ್ಲಿ ಒಂದಿಷ್ಟು ಸಾರು ಕುದಿಸುತ್ತೇನೆ. ಅದಕ್ಕೆ ಎಷ್ಟು ಉಪ್ಪು ಹಿಡಿಯುತ್ತದೆ ಎಂದು ನೋಡುವುದು. ಹೆಚ್ಚು ಹಿಡಿದಷ್ಟೂ ನೀರು ಸಿಹಿಯಾಗಿದೆ ಎಂದು ಲೆಕ್ಕ. ಇವತ್ತು: ಏನೂ ಇಲ್ಲ.

ಮಾರ್ಚ್ ೯, ಗುರುವಾರ

ಹವೆ: ಬಿಸಿಲು, ಮೂಡಲಲ್ಲಿ ಬಿಳಿ ಮೋಡ. ಸಾರಿಗೆ ಉಪ್ಪು: ಒಂದು ಚಿಟಿಕೆ.

ಒಂದು ಚಿಟಿಕೆ ಹಿಡಿಯಿತು. ಭ್ರಮೆಯೋ ಎಂದು ಅಶ್ವಿನಿಯನ್ನು ಕರೆದು ರುಚಿ ನೋಡಿಸಿದೆ. ಅವಳು ಕ್ಲಾಸು ಬಿಟ್ಟು ಓಡಿ ಬಂದಳು, ನಾಲಿಗೆ ಸುಟ್ಟುಕೊಂಡಳು, ಸುಟ್ಟ ನಾಲಿಗೆಯಲ್ಲೇ “ಹೂಂ ಅಜ್ಜಿ, ಹಿಡೀತದ” ಎಂದಳು. ನನ್ನ ಚಿಟಿಕೆ ಲೆಕ್ಕವನ್ನು ಗೋಡೆಯ ಮೇಲೆ ದೊಡ್ಡ ಕಾಗದದಲ್ಲಿ ಚುಕ್ಕಿ ಇಟ್ಟು ಬರೆಯುತ್ತಾಳಂತೆ. ಇಡಲಿ. ಗೋಡೆ ಸರಕಾರದ್ದು.

ಮಾರ್ಚ್ ೨೧, ಮಂಗಳವಾರ

ಹವೆ: ಮಧ್ಯಾಹ್ನ ಮೋಡ ಕವಿಯಿತು, ಎರಡು ಹನಿ ಬಿತ್ತು, ನಾಚಿಕೆಯಾಗಿ ಹೋಯಿತು. ಸಾರಿಗೆ ಉಪ್ಪು: ಎರಡು ಚಮಚ.

ಚುಕ್ಕಿಗಳು ಮೇಲೆ ಹತ್ತುತ್ತಿವೆ. ಮಕ್ಕಳು ಬೆಳಿಗ್ಗೆ ಬಂದವರೇ ಚೀಲ ಇಡುವ ಮೊದಲು ನನ್ನ ಹತ್ತಿರ ಎಷ್ಟು ಅಜ್ಜಿ, ಎಷ್ಟು ಎಂದು ಕೇಳುತ್ತಾರೆ. ಒಂದು ದಿನ ಕಡಿಮೆ ಹಿಡಿದರೆ ಮುಖ ಸಣ್ಣದಾಗುತ್ತದೆ. ನಾನು ಸುಳ್ಳು ಹೇಳಬಹುದಿತ್ತು. ಹೇಳಿದರೆ ಚುಕ್ಕಿ ತಪ್ಪುತ್ತದೆ.

ಬೇಬಿ ಮಟ್ಟುಗುಳ್ಳವನ್ನು ಹಿಟ್ಟಿನಲ್ಲಿ ಅದ್ದಿ ಪೋಡಿ ಕರಿದು ಬುತ್ತಿ ಕಟ್ಟಿದ್ದಳು. ಎರಡು ಜಾಸ್ತಿ ಇಟ್ಟಿದ್ದಳು, “ನಿಮ್ಮ ಟೀಚರಿಗೆ” ಎಂದು. ನಮ್ಮ ಟೀಚರು ಯಾವಾಗ ಆದಳೋ.

ಮಾರ್ಚ್ ೨೮, ಮಂಗಳವಾರ

ಹವೆ: ಬಿಸಿಲು. ಗಾಳಿ: ಗಮನಿಸಲಿಲ್ಲ. ಬಾವಿ: ಬರೆಯುತ್ತೇನೆ, ತಡೆ.

ಆಫೀಸರು ಬರುವ ದಿನ. ಬೆಳಿಗ್ಗೆ ಬಂದು ನೋಡಿದರೆ ಪಾಸ್ಕಲ್ ಮಾಸ್ಟ್ರು ಮೋಟಾರು ಒರೆಸುತ್ತಿದ್ದಾರೆ. ಆಫೀಸರು ಬಂದಾಗ ನಲ್ಲಿಯಲ್ಲಿ ನೀರು ಧಾರಾಳ ಬರಬೇಕು, ನೋಡಲು ಚಂದ, ಒಂದೇ ದಿನ ರಾಜೀವಿಯಕ್ಕ, ಒಂದೇ ಗಳಿಗೆ ಎಂದರು. ಹೆದರಿಕೆಯವರು ಹೀಗೆಯೇ, ಕೊನೆಯ ಗಳಿಗೆಯಲ್ಲಿ ಕೆಲಸ ಕೆಡಿಸುತ್ತಾರೆ. ಅವರು ಹೂ ತರಲು ಹೋದಾಗ ಸ್ವಿಚ್ಚಿನ ಪೆಟ್ಟಿಗೆಯಿಂದ ಫ್ಯೂಸು ಕಿತ್ತು ಕೊತ್ತಂಬರಿಯ ಡಬ್ಬಿಗೆ ಹಾಕಿದೆ.

ಹನ್ನೊಂದಕ್ಕೆ ಜೀಪು ಬಂತು. ಮಾಸ್ಟ್ರು ಸ್ವಿಚ್ಚು ಒತ್ತಿದರು. ಮತ್ತೆ ಒತ್ತಿದರು. ನನ್ನ ಕಡೆ ನೋಡಿದರು. ನಾನು ಅಕ್ಕಿ ಆರಿಸುತ್ತಿದ್ದೆ.

ಆಫೀಸರು ಬೆವರು ಒರೆಸಿಕೊಂಡು, ನೀರೆಲ್ಲಿ ಎಂದರು. ನಾನು ಎದ್ದು ಹೋಗಿ ಹಗ್ಗ ಅವರ ಕೈಗೆ ಕೊಟ್ಟೆ.

“ನೀವೇ ಸೇದಿ ಸ್ವಾಮಿ. ಕೊಡಪಾನ ಮುಳುಗಿಸಬೇಡಿ, ಮೇಲಿಂದ ಮೇಲೆ ತೆಗೆಯಿರಿ.”

“ಯಾಕೆ?”

ಯಾಕೆ ಎಂದು ಕೇಳಿದರಲ್ಲ, ಹೇಳಿದೆ. ಮೋಕ್ಷಾ ಬಾಟಲಿ ತಂದಳು. ನಾನು ಉಪ್ಪು ಕದಡಿ, ಪುನರ್ಪುಳಿ ಹಾಕಿ, ಚಮಚದ ಬೆನ್ನ ಮೇಲೆ ನೀರು ಬಿಟ್ಟೆ. ಕೈ ಸ್ವಲ್ಪ ಅಲುಗಿತು, ಗೆರೆ ಮಸುಕಾಯಿತು, ಆದರೆ ನಿಂತಿತು. ದೋಸೆ, ತೂತು, ಗುಳ್ಳೆ, ಸಾಂದ್ರತೆ ಎಲ್ಲ ಹೇಳಿದೆ. ಮೂರು ರಿಂಗು ಇಳಿಸಿದ್ದು ಹೇಳಿದೆ, ತುಂಬಿಸಿದ್ದು ಹೇಳಿದೆ, ಗೋಡೆಯ ಚುಕ್ಕಿಗಳನ್ನು ಒಂದೊಂದಾಗಿ ತೋರಿಸಿದೆ. ನಾನು ಬಾಯಿ ಒಣಗಿಸಿಕೊಂಡು ಇಷ್ಟು ಹೇಳುವಾಗ ಅಶ್ವಿನಿ ಕಂಬಕ್ಕೆ ಒರಗಿ ಸುಮ್ಮನೆ ನಿಂತಿದ್ದಳು. ಪಾಠ ಅವಳದ್ದು, ಸಂಬಳ ಅವಳದ್ದು, ಒಂದು ಮಾತಿಗೂ ಸಹಾಯಕ್ಕೆ ಬರಲಿಲ್ಲ. ನಗುತ್ತಿದ್ದಳು ಬೇರೆ.

ಆಫೀಸರು ನೀರು ಸೇದಿದರು. ಲೋಟಕ್ಕೆ ಹಾಕಿ ಬಿಸಿಲಿಗೆ ಹಿಡಿದರು. ಮಕ್ಕಳೆಲ್ಲ ಕಿಟಕಿಯಲ್ಲಿ. ಒಂದು ಗುಟುಕು ಕುಡಿದರು. ನಾನು ಅವರ ಹುಬ್ಬನ್ನೇ ನೋಡಿದೆ. ಹುಬ್ಬು ಅಲ್ಲಾಡಲಿಲ್ಲ. ಲೋಟ ಖಾಲಿ ಮಾಡಿ ಇನ್ನೊಮ್ಮೆ ಚಾಚಿದರು.

“ಇವತ್ತು ಊಟಕ್ಕೆ ಎಂತ ಉಂಟಮ್ಮ?” ಎಂದು ಕೇಳಿದರು.

ಗುಳ್ಳದ ಸಾಂಬಾರು ಎಂದೆ. ಶಾಲೆಯ ಬಾವಿಯ ನೀರಿನಲ್ಲೇ ಮಾಡಿದ್ದೆ. ಎರಡು ಸಲ ಹಾಕಿಸಿಕೊಂಡರು. ಒಲೆ ಇಲ್ಲಿಯೇ ಇರಲಿ ಎಂದು ಮಾಸ್ಟ್ರ ಎದುರೇ ಬರೆದುಕೊಟ್ಟು ಹೋದರು.

ಸಾಂಬಾರಿಗೆ ಉಪ್ಪು: ಒಂದು ಮುಷ್ಟಿ. ಪೂರ್ತಿ ಒಂದು ಮುಷ್ಟಿ.

ಫ್ಯೂಸನ್ನು ಮಾಸ್ಟ್ರಿಗೆ ಕೊಡಲು ಹೋದೆ. “ಅಲ್ಲೇ ಇರಲಿ, ಆ ಡಬ್ಬಿಯಲ್ಲೇ” ಎಂದರು.

ಮಾರ್ಚ್ ೩೦, ಗುರುವಾರ

ಹವೆ: ಬಿಸಿಲು. ಬಾವಿ: ಸಿಹಿ.

ಘಟ್ಟದ ಮೇಲಿನವರಿಗೆ ಇವತ್ತು ಯುಗಾದಿ. ನಮಗೆ ಹೊಸ ವರ್ಷ ಬಿಸುವಿಗೆ, ಇನ್ನೂ ದಿನ ಉಂಟು. ಅಶ್ವಿನಿ ಊರಿಗೆ ಹೋಗಿರಲಿಲ್ಲ, ಕಲ್ಲಯ್ಯನೂ ಹೋಗಿರಲಿಲ್ಲ. ಇಬ್ಬರನ್ನೂ ಮನೆಗೆ ಕರೆದು ಪಾಯಸ ಹಾಕಿದೆ. ಯುಗಾದಿಗೆಂದು ಅಲ್ಲ. ಬೆಲ್ಲಕ್ಕೆ ಇರುವೆ ಬರುತ್ತಿತ್ತು, ಮುಗಿಸಬೇಕಿತ್ತು.

ಏಪ್ರಿಲ್ ೮, ಶನಿವಾರ

ಹವೆ: ಬೆಳಿಗ್ಗೆ ತಿಳಿ, ಮಧ್ಯಾಹ್ನ ಮೂಡಲಲ್ಲಿ ರಾಶಿ ಮೋಡ. ಗಾಳಿ: ಪಡುಗಾಳಿ, ಉಪ್ಪಿನ ವಾಸನೆ. ಬಾವಿ: ಮೇಲಿನಿಂದ ಆರು ಮೊಳ ಹಗ್ಗ, ಸಿಹಿ. ಸಾಂಬಾರಿಗೆ ಉಪ್ಪು: ಒಂದು ಮುಷ್ಟಿ.

ಇವತ್ತು ಶಾಲೆಯ ಕೊನೆಯ ದಿನ, ನಾಳೆಯಿಂದ ರಜೆ. ನಿನ್ನೆ ಉಮಾನಾಥ ಊಟಕ್ಕೆ ಕೂತವನು, ಇಷ್ಟು ದಿನ ಬಾಯಿ ಬಿಡದವನು, ಹೇಳಿದ:

“ಕ್ರಮ ಇಲ್ಲ ಎಂದು ನಾನು ಮೊದಲೇ ಹೇಳಿದ್ದೆ.”

“ಕ್ರಮ ಇಲ್ಲ ಎಂದು ಹೇಳಿದೆ. ಯಾಕೆ ಎಂದು ಹೇಳಿದೆಯಾ? ನಿನ್ನ ಅಜ್ಜ ನಿನಗೆ ಹೇಳಲಿಲ್ಲ, ನೀನು ನನಗೆ ಹೇಳಲಿಲ್ಲ. ಯಾಕೆ ಎನ್ನುವುದು ಹೋಗಿ ಬರೇ ಇಲ್ಲ ಎನ್ನುವುದು ಉಳಿದರೆ ನನ್ನಂಥವಳು ಕೇಳುತ್ತಾಳಾ?”

ಅವನು ಎದ್ದು ಹೋಗಿ ಗದ್ದೆಯ ಪಂಪ್‌ಶೆಡ್ಡಿಗೆ ಬಳಿದು ಉಳಿದಿದ್ದ ನೀಲಿ ಬಣ್ಣದ ಡಬ್ಬಿ ತಂದು ನನ್ನ ಎದುರು ಇಟ್ಟ. ಅಪರೂಪಕ್ಕೆ ಬುದ್ಧಿವಂತ.

ಇವತ್ತು ಅದನ್ನು ಶಾಲೆಗೆ ಕೊಂಡುಹೋದೆ. ಬಾವಿಕಟ್ಟೆಯ ಹೊರಮೈ ಮೇಲೆ ಬರೆಯುವುದು. ನಾನು ಹೇಳಿದೆ, ಮೋಕ್ಷಾ ಬರೆದಳು, ಅಶ್ವಿನಿ ಅಕ್ಷರ ತಿದ್ದಿದಳು. ‘ಈ ಬಾವಿಯನ್ನು ಆಳ ಮಾಡಬಾರದು’ ಎಂದು ಬರೆದ ಕೂಡಲೇ ಮೋಕ್ಷಾ ಬ್ರಷ್ ಕೆಳಗಿಟ್ಟಳು. ಎತ್ತು, ಈಗಷ್ಟೇ ಶುರು ಎಂದೆ. ‘ಯಾಕೆಂದರೆ’ ಬರೆಸಿದೆ. ಆಮೇಲೆ ಕೆಳಗೆ ಕಡಲಿನ ನೀರು ಉಂಟು, ಅದು ಭಾರ, ಮಳೆಯ ನೀರು ಹಗುರ, ಅದರ ಮೇಲೆ ತೇಲುತ್ತದೆ, ಜೋರಾಗಿ ಎಳೆದರೆ ಕಡಲು ಮೇಲೆ ಬರುತ್ತದೆ, ಮೆಲ್ಲಗೆ ತೆಗೆದರೆ ಎಲ್ಲರಿಗೂ ಸಾಕು. ಬರೆಯುತ್ತಾ ಬರೆಯುತ್ತಾ ಮಾತು ಕಟ್ಟೆಯನ್ನು ಪೂರ್ತಿ ಸುತ್ತಿ ಬಂದು ಶುರುವಾದಲ್ಲಿಗೇ ಮುಟ್ಟಿತು. ಈಗ ಓದಬೇಕಾದರೆ ಬಾವಿಗೆ ಒಂದು ಸುತ್ತು ಬರಬೇಕು. ಉಂಟು ಎನ್ನುವುದನ್ನು ಅಶ್ವಿನಿ ಇದೆ ಎಂದು ತಿದ್ದಲು ಬಂದಳು. ಬಿಡಲಿಲ್ಲ. ಕಡಲು ನಮ್ಮದು.

ಒಂದನೇ ಕ್ಲಾಸಿನ ಆ ಪುಟ್ಟಿ ಬಂದು ಬೆರಳಿಟ್ಟು ಓದಲು ಶುರು ಮಾಡಿದಳು. ‘ಭಾರ’ದವರೆಗೆ ಬಂದು ಸುಸ್ತಾದಳು. ಉಳಿದದ್ದನ್ನು ಜೂನಿನಲ್ಲಿ ಓದುತ್ತೇನೆ ಎಂದಳು.

ಸಂಜೆ ಕುಷ್ಟಗಿಯ ಬಸ್ಸಿಗೆ ಅಶ್ವಿನಿ ಹೊರಟಳು. ಅವಳ ಚೀಲದಲ್ಲಿ ಎರಡು ತೆಂಗಿನಕಾಯಿ ಇಟ್ಟೆ.

“ಅಜ್ಜಿ, ಕಾಯಿ ಹಾಕಿದ್ರ ನಮ್ಮವ್ವ ಬೈತಾಳ್ರೀ.”

“ಬೈದರೆ ನನ್ನ ಹೆಸರು ಹೇಳು. ನೀನು ಜೂನಿಗೆ ಬರುತ್ತೀಯಲ್ಲ?”

ಬರ್ತೀನಿ ಎಂದಳು. ಸುಮ್ಮನೆ ಬರುವುದಲ್ಲ ಎಂದೆ. ಎರಡು ತಿಂಗಳು ಅಲ್ಲಿ ಕೂತು ಮಾಡುವುದೆಂತ? ಅವಳಿಗೆ ಮನೆಗೆಲಸ ಕೊಟ್ಟೆ. ದಿನವೂ ಆಕಾಶ ಹೇಗೆ, ಗಾಳಿ ಯಾವ ಕಡೆಯದು, ಅವರ ಬಾವಿ ಎಷ್ಟು ಆಳ, ಕೆಳಗೆ ಎಂತ ಕಲ್ಲು, ನೀರಿನ ರುಚಿ ಎಂತ, ಎಲ್ಲ ಬರೆದು ತರಬೇಕು. ಮೂರು ದಿನ ಬರೆದು, ಸುತ್ತ ಹೂ ಬಿಡಿಸಿ ಬಿಟ್ಟರೆ ನನಗೆ ಗೊತ್ತಾಗುತ್ತದೆ.